ಹೆಡ್‌ಫೋನಿನೊಳಗಿನ ಗುಂಯ್

ನನ್ನ ಕಿವಿಗಳ ಬಗ್ಗೆ ನನಗೆ ಮೊದಲಿನಿಂದಲೂ ಸ್ವಲ್ಪ ಹಮ್ಮು. ಕಾಲೇಜಿನಲ್ಲಿ ಇತಿಹಾಸದ ಪಾಠ ಮಾಡುವಾಗ ಕೊನೆಯ ಬೆಂಚಿನಲ್ಲಿ ಯಾರು ಯಾರಿಗೆ ಏನು ಪಿಸುಗುಟ್ಟಿದರೆಂದು ಬೋರ್ಡಿನ ಕಡೆ ಮುಖ ಮಾಡಿಕೊಂಡೇ ಹೇಳಬಲ್ಲೆ. ಆದರೆ ನಮ್ಮ ಮನೆಯಲ್ಲಿ ಕಿವಿ ಎಂದರೆ ನನ್ನ ಹೆಂಡತಿ ನೀಲಾಳದು. ಕುಕ್ಕರು ಸೀಟಿ ಹೊಡೆಯುವ ಮೊದಲು ಉಸಿರು ಎಳೆದುಕೊಳ್ಳುವುದು ಅವಳಿಗೆ ಕೇಳಿಸುತ್ತದೆ. ನನ್ನ ಸ್ಕೂಟರು ಓಣಿಯ ತಿರುವಿಗೆ ಬರುವಷ್ಟರಲ್ಲಿ ನಾನು ಕೊತ್ತಂಬರಿ ಮರೆತು ಬಂದಿದ್ದೇನೆ ಎಂಬುದೂ ಹೇಗೋ ಕೇಳಿಸುತ್ತದೆ. ಹೀಗಾಗಿ ಹೊಸ ಹೆಡ್‌ಫೋನನ್ನು ತಲೆಗೇರಿಸಿಕೊಂಡು ಅವಳು, "ಇದರಾಗ ಏನೋ ಗುಂಯ್ ಅನ್ನಾಕತ್ತೈತಲ್ರೀ" ಅಂದಾಗ ನಾನು ವಾದಿಸಲಿಲ್ಲ. ಸ್ವಲ್ಪವೇ ವಾದಿಸಿದೆ.

"ನನಗೇನೂ ಕೇಳವಲ್ದು," ಅಂದೆ.

"ಫ್ಯಾನ್ ಬಂದ್ ಮಾಡ್ರಿ. ಬಾಯೀನೂ."

ಎರಡನ್ನೂ ಬಂದ್ ಮಾಡಿ ಹೆಡ್‌ಫೋನು ಹಾಕಿಕೊಂಡೆ. ಕೇಳಿಸಿತು. ಗಂಗಾವತಿಯ ಅಕ್ಕಿ ಗಿರಣಿಯೊಂದನ್ನು ಊರ ಹೊರಗೆ ನಿಂತು ಕೇಳಿದ ಹಾಗೆ, ದೂರದಿಂದ, ಆದರೆ ಬಿಡದೆ.

ಈ ಹೆಡ್‌ಫೋನು ನಮ್ಮ ಮನೆಗೆ ಶೋಕಿಗಾಗಿ ಬಂದದ್ದಲ್ಲ. ನೀಲಾ ಕಿನ್ನಾಳದ ದಾರಿಯಲ್ಲಿರುವ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರು. ಅದಕ್ಕಿಂತ ಹೆಚ್ಚಾಗಿ ಅವಳು ಹಾಡುವವಳು. ಬೆಳಗಿನ ಪ್ರಾರ್ಥನೆ, ಮದುವೆಯ ಸೋಬಾನೆ, ತೊಟ್ಟಿಲ ಹಾಡು, ತತ್ವಪದ, ಯಾವುದಕ್ಕೂ ಅವಳಿಗೆ ಮೈಕು ಬೇಕಿರಲಿಲ್ಲ. ಕಳೆದ ಚಳಿಗಾಲದಲ್ಲಿ ಅವಳ ಕುತ್ತಿಗೆಯ ಥೈರಾಯ್ಡ್ ಗಂಟನ್ನು ತೆಗೆಯಬೇಕಾಯಿತು. ಗಂಟು ಸುರಕ್ಷಿತವಾಗಿ ಹೋಯಿತು, ಜೊತೆಗೆ ದನಿಯೂ ಹೋಯಿತು. ಧ್ವನಿಯ ನರ ದಣಿದಿದೆ, ತಿಂಗಳುಗಟ್ಟಲೆ ಹಿಡಿಯಬಹುದು, ಬರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮಾತೇನೋ ನಿಧಾನಕ್ಕೆ ಮರಳಿತು, ಒಣ ಎಲೆ ಉಜ್ಜಿದಂಥ ಮಾತು. ಆದರೆ ಒಂದು ಸ್ವರವನ್ನು ಹಿಡಿದು ನಿಲ್ಲಿಸಲು ಹೋದರೆ ಅದು ನಡುವೆಯೇ ಕೈಬಿಟ್ಟು ಹೋಗುತ್ತಿತ್ತು. ಧ್ವನಿ ತಿದ್ದುವ ತರಬೇತಿಯ ಹೆಣ್ಣುಮಗಳು ಒಂದು ಉಪಾಯ ಹೇಳಿಕೊಟ್ಟಳು: ಬಾಯಿಯ ಮುಂದೆ ಸಣ್ಣ ಮೈಕು, ಕಿವಿಗೆ ಹೆಡ್‌ಫೋನು. ನಿಮ್ಮ ದನಿಯನ್ನು ನೀವೇ ಕನ್ನಡಿಯಲ್ಲಿ ನೋಡಿದಂತೆ ಕೇಳುತ್ತ, ಜೋರು ಮಾಡದೆ ಅಭ್ಯಾಸ ಮಾಡಿರಿ.

ನಾನು ಉತ್ಸಾಹದಿಂದ ಮೈಕು, ಹೆಡ್‌ಫೋನು, ಅವೆರಡರ ನಡುವೆ ಕೂರುವ ಆಂಪ್ಲಿಫೈಯರಿನ ಲೋಹದ ಡಬ್ಬಿ, ಎಲ್ಲವನ್ನೂ ತಂದೆ. ಅಭ್ಯಾಸ ಮಾಡಿದ್ದನ್ನು ರೆಕಾರ್ಡು ಮಾಡಿಕೊಳ್ಳಲಿ ಎಂದು ನನ್ನ ಹಳೆಯ ಲ್ಯಾಪ್‌ಟಾಪನ್ನೂ ಜೋಡಿಸಿದೆ. ಪಡಸಾಲೆಯ ಮೇಜಿನ ಮೇಲಿದ್ದ ಕಿನ್ನಾಳದ ಮರದ ಗಿಳಿಯನ್ನು ಕಪಾಟಿಗೆ ವರ್ಗ ಮಾಡಿ ಜಾಗ ಮಾಡಿಕೊಟ್ಟೆ. ಎರಡು ದಿನ ಕೂತಳು. ಮೂರನೆಯ ದಿನ ಹೆಡ್‌ಫೋನನ್ನು ಅದರ ಚೀಲಕ್ಕೆ ತುಂಬಿದಳು.

"ನನ್ನ ದನೀನ ಒಂದು ಎಳಿ ಉಳದೈತಿ. ಅದರ ಮ್ಯಾಲೆ ಈ ಗುಂಯ್ ಬಂದು ಕುಂತ್ರ, ನಾ ಎಲ್ಲಿದೀನಿ ಅಂತ ನನಗ ಗೊತ್ತಾಗವಲ್ದು," ಅಂದಳು. ಆಮೇಲೆ ಯಾರಾದರೂ ಹಾಡಿನ ಮಾತೆತ್ತಿದರೆ, "ಅದು ಮುಗೀತ್ರಿ ಇನ್ನ" ಎಂದು ನಕ್ಕುಬಿಡುತ್ತಿದ್ದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಆ ನಗುವಿಗೆ ನನ್ನಲ್ಲಿ ಔಷಧವಿರಲಿಲ್ಲ.

ದನಿಯನ್ನು ರಿಪೇರಿ ಮಾಡಲು ನನಗೆ ಬರುವುದಿಲ್ಲ. ಗುಂಯ್ ಎನ್ನುವುದನ್ನಾದರೂ ಮಾಡೋಣ ಎಂದು ಹೊರಟೆ.

ಸದ್ದಿನ ವಿಷಯದಲ್ಲಿ ನಮ್ಮ ಕನ್ನಡದಷ್ಟು ಧಾರಾಳ ಭಾಷೆ ಇನ್ನೊಂದಿರಲಿಕ್ಕಿಲ್ಲ. ದುಂಬಿಗೆ ಝೇಂಕಾರ, ಸೊಳ್ಳೆಗೆ ಗುಂಯ್, ಕಾದ ಎಣ್ಣೆಗೆ ಚುರ್, ಗಾಳಿಗೆ ಸುಂಯ್, ಯಾವುದನ್ನೂ ನಾವು ಹೆಸರಿಲ್ಲದೆ ಬಿಟ್ಟಿಲ್ಲ. ಇಂಗ್ಲಿಷಿನವರು ಕರೆಂಟಿನ ಈ ಸದ್ದಿಗೆ ಹಮ್ ಅನ್ನುತ್ತಾರಂತೆ. ನಮ್ಮಲ್ಲಿ ಹಮ್ಮು ಎಂದರೆ ಬೇರೆಯೇ, ಆದರೂ ಎರಡಕ್ಕೂ ಒಂದು ಹೋಲಿಕೆಯಿದೆ: ಉಳ್ಳವನಿಗೆ ಅದು ಕೇಳಿಸುವುದಿಲ್ಲ, ಪಕ್ಕದಲ್ಲಿದ್ದವರಿಗೆ ಕೇಳಿಸುತ್ತದೆ. ನಮ್ಮೂರು ಕೊಪ್ಪಳದ ಗುಡ್ಡದ ಬಂಡೆಯ ಮೇಲೆ ಸಾಮ್ರಾಟನೊಬ್ಬ ಕೊರೆಸಿದ ಶಾಸನವಿದೆ. ಪ್ರತಿ ವರ್ಷ ಹುಡುಗರನ್ನು ಅಲ್ಲಿಗೆ ಕರೆದೊಯ್ದು, ಎರಡು ಸಾವಿರ ವರ್ಷ ದಾಟಿ ಆ ಮಾತು ನಮ್ಮವರೆಗೆ ಕೆಡದೆ ಬಂದದ್ದು ಹೇಗೆ ಎಂದು ಭಾಷಣ ಬಿಗಿಯುತ್ತೇನೆ. ಈಗ ಉತ್ತರ ಹೊಳೆಯಿತು. ಬಂಡೆಗೆ ಪ್ಲಗ್ಗಿಲ್ಲ.

ಮೊದಲು ಟ್ಯೂಬ್‌ಲೈಟು ಆರಿಸಿದೆ, ಗುಂಯ್ ಹೋಗಲಿಲ್ಲ. ಫ್ರಿಜ್ ಆರಿಸಿದೆ, ಹಾಲು ಒಡೆಯಿತು, ಗುಂಯ್ ಹೋಗಲಿಲ್ಲ. ಮೊಬೈಲಿನಲ್ಲಿ ಯಾರೋ ಪುಣ್ಯಾತ್ಮ ವೈರುಗಳಿಗೆ ಬೆಳ್ಳಿ ಕಾಗದ ಸುತ್ತಿರಿ ಎಂದದ್ದನ್ನು ನೋಡಿ ಅಡುಗೆಮನೆಯ ಸುರುಳಿಯನ್ನೆಲ್ಲ ಸುತ್ತಿ ಮುಗಿಸಿದೆ. ನೀಲಾ ಬಂದು ನೋಡಿ, "ಬುತ್ತಿ ಕಟ್ಟೀರೇನು? ಯಾವ ಊರಿಗೆ ಹೊಂಟೈತಿ ಅದು?" ಎಂದು ಕೇಳಿದಳು. ಹೆಡ್‌ಫೋನು ಹಾಕಿಕೊಂಡೇ ಆ ಬೆಳ್ಳಿ ಕಾಗದವನ್ನು ಬಿಚ್ಚುವಾಗ ನನ್ನ ಬೆರಳು ಡಬ್ಬಿಯ ಲೋಹದ ಮೈಗೆ ತಾಗಿತು. ಗುಂಯ್ ನಿಂತಿತು. ಬೆರಳು ತೆಗೆದೆ, ಮತ್ತೆ ಶುರು. ಇಟ್ಟೆ, ನಿಂತಿತು. ಬೆರಳಿನ ತುದಿಯಲ್ಲಿ ಮಾತ್ರ ಸಣ್ಣಗೆ ಜುಂ ಅನ್ನುತ್ತಿತ್ತು.

ಮದುವೆಯಾಗಿ ಇಷ್ಟು ವರ್ಷಕ್ಕೆ ಈ ಮನೆಯಲ್ಲಿ ನನ್ನಿಂದ ಒಂದು ಖಚಿತ ಉಪಯೋಗ ಕಂಡುಬಂದಿತ್ತು. "ನೀಲಾ, ಬಾ ಇಲ್ಲೆ! ನೀ ಹಾಡು, ನಾ ಬೆರಳು ಇಟಗೊಂಡು ಕುಂಡ್ರತೀನಿ," ಅಂದೆ.

"ನೀವು ಕಾಲೇಜಿಗೆ ಹೋದ್ರ?"

ಆಗ ನೀಲಾಳೇ ತನ್ನ ಗೆಳತಿ ಸುಬ್ಬಲಕ್ಷ್ಮಿಗೆ ಫೋನು ಹಚ್ಚಿದಳು. ಇವರಿಬ್ಬರೂ ಗಂಗಾವತಿಯಲ್ಲಿ ಒಟ್ಟಿಗೆ ಕಾಲೇಜು ಓದಿದವರು. ತೆಲುಗು ಮನೆಮಾತಿನ ಸುಬ್ಬಲಕ್ಷ್ಮಿ ಶ್ರೀರಾಮನಗರದಲ್ಲಿ ಗಂಡನ ಜೊತೆ ಶಾಮಿಯಾನಾ ಮತ್ತು ಮೈಕ್‌ಸೆಟ್ಟಿನ ಅಂಗಡಿ ನಡೆಸುತ್ತಾಳೆ. ಅವಳು ಮೆತ್ತಗೆ ಮಾತಾಡಿದ್ದನ್ನು ಕೇಳಿದವರಿಲ್ಲ. ನೀಲಾ ಫೋನಿನ ಸ್ಪೀಕರು ಹಾಕಿದಳು, ಹಾಕದಿದ್ದರೂ ನಡೆಯುತ್ತಿತ್ತು. ನಾನು ನನ್ನ ಬೆರಳಿನ ಶೋಧವನ್ನು ಹೆಮ್ಮೆಯಿಂದ ವಿವರಿಸಿದೆ.

"ಏಮಣ್ಣಾ, ಹುಚ್ಚು ಹಿಡದೈತೇನು? ಮೊದ್ಲು ಬೆರಳು ತೆಗೀರಿ!" ಎಂದು ಗದರಿದಳು. "ಕರೆಂಟಿನ ಜೋಡಿ ಆಟ ಬ್ಯಾಡ. ಈಗ ಹೇಳ್ರಿ, ಸದ್ದು ಹೆಂಗೈತಿ? ಝರ್ ಅಂತೈತೋ, ಗುಂಯ್ ಅಂತೈತೋ? ಒಂದೊಂದಕ್ಕ ಒಂದೊಂದು ಔಷಧ."

ಹೆಡ್‌ಫೋನನ್ನು ಫೋನಿಗೆ ಹಿಡಿದೆ. ಅವಳಿಗೆ ಏನೂ ಕೇಳಲಿಲ್ಲ. ಹಾಗಾದರೆ ನೀವೇ ಮಾಡಿ ತೋರಿಸಿರಿ ಅಂದಳು. ನಾನು ಗಂಟಲು ಸರಿಮಾಡಿಕೊಂಡು ಮಾಡಿ ತೋರಿಸಿದೆ.

"ಎಮ್ಮಿ ಒದರಿದಂಗ ಐತಲ್ಲಣ್ಣಾ. ಡಬ್ಬಿ ಹಂಗ ಒದರತೈತೇನು?"

ನೀಲಾಳಿಗೆ ತಡೆಯಲಾಗಲಿಲ್ಲ. ತಪ್ಪು ಸ್ವರವನ್ನು ಅವಳು ಯಾವತ್ತೂ ಸಹಿಸಿದವಳಲ್ಲ. ನನ್ನ ಕೈಯಿಂದ ಫೋನು ಕಸಿದುಕೊಂಡು, "ಅವರಿಗೇನು ತಿಳೀತೈತಿ, ಹಿಂಗ ಐತಿ ಕೇಳು," ಎಂದವಳೇ ಕಣ್ಣು ಮುಚ್ಚಿ, ತುಟಿ ಮುಚ್ಚಿ, ಮೂಗಿನೊಳಗಿಂದ ಆ ಸದ್ದನ್ನು ತೆಗೆದಳು. ಅದು ಪಾತಾಳದ ಸ್ವರ, ಅಷ್ಟು ಕೆಳಗೆ ಯಾವ ಹೆಣ್ಣಿನ ಗಂಟಲೂ ಇಳಿಯದು. ಇವಳು ಅದೇ ಸ್ವರವನ್ನು ಮೇಲಿನ ಅಂತಸ್ತಿನಲ್ಲಿ ಹಿಡಿದಳು. ಹಿಡಿದವಳು ಬಿಡಲಿಲ್ಲ. ಎಲ್ಲಿ ತುಸು ಅಲುಗುತ್ತದೆ, ಎಲ್ಲಿ ದಪ್ಪವಾಗುತ್ತದೆ ಎಂಬುದನ್ನೂ ಗೆಳತಿಗೆ ತೋರಿಸಬೇಕಲ್ಲ, ಹಾಗೇ ಹಿಡಿದುಕೊಂಡು ಹೋದಳು. ಹೊರಗೆ ಸೊಪ್ಪು ಮಾರುವವಳು ಕೂಗಿ ದಾಟಿ ಹೋದಳು. ಇನ್ನೂ ಹಿಡಿದೇ ಇದ್ದಳು.

ಉಸಿರು ಮುಗಿದಾಗ ಫೋನಿನ ಆಚೆ ಸದ್ದಿಲ್ಲ. ಸುಬ್ಬಲಕ್ಷ್ಮಿ ಸುಮ್ಮನಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಕೇಳಿಸ್ತೋ ಇಲ್ಲೋ?" ಅಂದಳು ನೀಲಾ.

"ಕೇಳಿಸ್ತು," ಎಂದಿತು ಆ ಕಡೆಯ ದನಿ, ಮೆತ್ತಗೆ. "ನೀಲಾ, ನಿನ್ನ ದನಿ ನಿಂತೈತಲ್ಲೇ."

ನೀಲಾ ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡು ನನ್ನ ಕಡೆ ನೋಡಿದಳು. ಹಾಡಬೇಕು ಎಂದು ಕೂತಾಗಲೆಲ್ಲ ಹೆದರಿ ಓಡುತ್ತಿದ್ದದ್ದು, ಹಾಡುತ್ತಿದ್ದೇನೆ ಎಂಬುದನ್ನೇ ಮರೆತಾಗ ಬಂದು ನಿಂತಿತ್ತು. ನಾನು ಏನೋ ಹೇಳಲು ಹೋದೆ, ನನ್ನ ದನಿ ನಿಲ್ಲಲಿಲ್ಲ.

ಅವತ್ತಿನಿಂದ ಅವಳು ಮತ್ತೆ ಮೇಜಿನ ಮುಂದೆ ಕೂತಳು. ಗುಂಯ್ ಎನ್ನುವುದನ್ನೇ ಶ್ರುತಿ ಮಾಡಿಕೊಂಡು ಅದರ ಜೊತೆಗೇ ಮೂಗಿನಲ್ಲಿ ಗುನುಗುವುದು. "ಕರೆಂಟಿನವರು ಪುಗಸಟ್ಟೆ ತಂಬೂರಿ ಕೊಟ್ಟಾರ, ಇರ್ಲಿ ಬಿಡು ಅದು," ಅಂದೆ ನಾನು. ನನಗೆ ನಿಜಕ್ಕೂ ಹಾಗನ್ನಿಸಿತ್ತು. ಬಂದ ಭಾಗ್ಯವನ್ನು ರಿಪೇರಿ ಮಾಡಲು ಹೋಗಿ ಕೆಡಿಸುವುದೇಕೆ?

ನೀಲಾ ಒಪ್ಪಲಿಲ್ಲ. "ಬ್ಯಾಡ್ರಿ. ಅದು ನನ್ನ ತಪ್ಪು ಮುಚ್ಚತೈತಿ. ದನಿ ಎಲ್ಲಿ ಒಡದೈತಿ ಅಂತ ನನಗ ಕೇಳಬೇಕು. ಕೇಳಲಾರದ್ದನ್ನ ಹೆಂಗ ತಿದ್ಲಿ?"

ಸುಬ್ಬಲಕ್ಷ್ಮಿಯ ಫೋನಿನ ಆಜ್ಞೆಯಂತೆ ಒಂದೊಂದೇ ಬದಲಾಯಿಸುತ್ತ ಹೋದೆವು. ಮೊದಲು ಮೈಕಿನದೇ ತಪ್ಪು ಎಂದಳು ಅವಳು. ಅಲ್ಲ. ಹೆಡ್‌ಫೋನಿನ ವೈರು ಎಂದಳು. ಅದೂ ಅಲ್ಲ. ಲ್ಯಾಪ್‌ಟಾಪಿನ ಚಾರ್ಜರು ಕಿತ್ತು ಬ್ಯಾಟರಿಯ ಮೇಲೆ ನಡೆಸಿದಾಗ ಗುಂಯ್ ಕಡಿಮೆಯಾಯಿತು. ಕೊನೆಗೆ ನೀಲಾಳೇ, "ಈ ಬೋರ್ಡು ಬಿಟ್ಟು ಬ್ಯಾರೆ ಬೋರ್ಡಿಗೆ ಹಾಕಿ ನೋಡೋಣೇನು?" ಅಂದಳು. ಇಡೀ ಸಂಸಾರವನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ, ಒಲೆಯ ಪಕ್ಕದ ಪ್ಲಗ್ಗಿಗೆ ಚುಚ್ಚಿ, ಚಾರ್ಜರನ್ನೂ ಹಾಕಿದೆವು. ಒಗ್ಗರಣೆಯ ವಾಸನೆಯ ನಡುವೆ ಹೆಡ್‌ಫೋನು ಹಾಕಿಕೊಂಡ ನೀಲಾಳ ಹುಬ್ಬು ಮೇಲೇರಿತು. "ಮುಕ್ಕಾಲು ಹೋತು!"

ವೈರಿಂಗಿನ ಬಸಣ್ಣನನ್ನು ಕರೆಸಿದೆವು. ಅವನು ಬಂದವನೇ ಇದೆಲ್ಲ ಫ್ಯಾನಿನ ರೆಗ್ಯುಲೇಟರಿನ ಕಾಟ ಎಂದು ಅದನ್ನೇ ಬಿಚ್ಚಲು ಹೊರಟಿದ್ದ. ನೀಲಾ ತಡೆದು ಪಡಸಾಲೆಯ ಬೋರ್ಡು ಬಿಚ್ಚಿಸಿದಳು. ಮೂರು ತೂತಿನ ಪ್ಲಗ್ಗಿನ ಹಿಂದೆ ಎರಡೇ ವೈರು. ಮೇಲಿನ ದೊಡ್ಡ ತೂತು ಬರೀ ಶೋಭೆಗೆ.

"ಸರ, ಈ ಬೋರ್ಡಿಗೆ ಅರ್ಥಾನ ಇಲ್ರೀ," ಅಂದ ಬಸಣ್ಣ.

ಅವನು ಹೇಳಿದ್ದು ಅರ್ಥಿಂಗ್ ಬಗ್ಗೆ, ಸೋರುವ ಕರೆಂಟನ್ನು ಮಣ್ಣಿಗೆ ಇಳಿಸುವ ವೈರಿನ ಬಗ್ಗೆ. ಆದರೆ ಬೋರ್ಡಿನ ಮುಂದೆ ನಿಂತು ಮೂವತ್ತು ವರ್ಷ ಪಾಠ ಮಾಡಿದ ನನಗೆ ಒಂದು ಕ್ಷಣ ಎದೆ ಧಸಕ್ಕೆಂದಿತು. ಇಳಿದು ಹೋಗಲು ದಾರಿಯಿಲ್ಲದ ಕರೆಂಟು ಡಬ್ಬಿಯ ಮೈಮೇಲೆ ಸುಳಿದಾಡುತ್ತ ಗೊಣಗುತ್ತಿತ್ತು, ಅಷ್ಟೇ. ಅಡುಗೆಮನೆಯಿಂದ ಹಸಿರು ವೈರೊಂದನ್ನು ಬಸಣ್ಣ ಪಡಸಾಲೆಗೆ ಎಳೆದ. ಉಳಿದ ಕಾಲು ಪಾಲು ಗುಂಯ್ ಹಿತ್ತಲಿನಲ್ಲಿ ಸಿಕ್ಕಿತು. ಅರ್ಥಿಂಗಿನ ಗುಂಡಿ ನಮ್ಮ ಕೊಪ್ಪಳದ ಬಿಸಿಲಿಗೆ ಬಿರುಕು ಬಿಟ್ಟು ಒಣಗಿ ಕೂತಿತ್ತು. ಒಣ ಮಣ್ಣು ಏನನ್ನೂ ಒಳಗೆ ತೆಗೆದುಕೊಳ್ಳುವುದಿಲ್ಲವಂತೆ. ಬಸಣ್ಣ ಇದ್ದಿಲು, ಉಪ್ಪು ಹಾಕಿದ. ನೀಲಾ ಮಲ್ಲಿಗೆ ಬಳ್ಳಿಗೆಂದು ತಂದ ಕೊಡವನ್ನು ಅದಕ್ಕೇ ಸುರಿದಳು. ನೆಲ ಗಟಗಟ ಕುಡಿಯಿತು.

ಸಂಜೆ ಹೆಡ್‌ಫೋನು ಹಾಕಿಕೊಂಡರೆ ಒಳಗೆ ಬಾವಿಯಂಥ ಮೌನ. ನೀಲಾ ಮೈಕಿನ ಮುಂದೆ ಒಂದು ಸಾಲು ಗುನುಗಿದಳು. ನಿಲ್ಲಿಸಿದಳು. ಮತ್ತೆ ಗುನುಗಿದಳು. ಈಗ ಮುಚ್ಚಿಕೊಳ್ಳಲು ಏನೂ ಇರಲಿಲ್ಲ. ದನಿಯ ಒರಟು, ನಡುವಿನ ಬಿರುಕು, ಮೇಲೆ ಹತ್ತುವಾಗ ಜಾರುವುದು, ಎಲ್ಲ ಅವಳಿಗೆ ಕೇಳುತ್ತಿದ್ದಿರಬೇಕು. ಕಣ್ಣಲ್ಲಿ ನೀರಾಡಿತು. ಈ ಗುಂಯ್ ತೆಗೆಸಿ ನಾನೇ ಕೆಡಿಸಿದೆನೇನೋ ಎಂದು ನನಗೆ ಗಾಬರಿ.

ಹೆಡ್‌ಫೋನು ತೆಗೆಯದೆ ಅವಳು ಹೇಳಿದಳು: "ಇಷ್ಟ ಉಳದೈತಿ. ಆದ್ರ ಇದು ನಂದ ಐತಿ. ಇದರಾಗ ಮಾಡೋಣಂತ."

ಮಾಡಿದಳು. ದಿನವೂ ಸ್ವಲ್ಪ ಸ್ವಲ್ಪ. ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ಹೊತ್ತಿಗೆ ತರಗತಿಯ ಹಿಂದಿನ ಸಾಲಿನವರೆಗೆ ಮಾತು ಮುಟ್ಟುತ್ತಿತ್ತು.

ಮೊನ್ನೆ ಯಲಬುರ್ಗಾದಲ್ಲಿ ನಮ್ಮ ಅಣ್ಣನ ಮೊಮ್ಮಗಳ ತೊಟ್ಟಿಲು ಹಾಕುವುದಿತ್ತು. ಮನೆ ತುಂಬ ಗದ್ದಲ: ಅಡುಗೆಯವರ ಕೂಗು, ಮಿಕ್ಸರು, ಕುರ್ಚಿ ಎಳೆಯುವ ಸದ್ದು. ಕೂಸನ್ನು ತೊಟ್ಟಿಲಿಗೆ ಹಾಕಿದಾಗ ಹೆಂಗಸರೆಲ್ಲ ಅಭ್ಯಾಸಬಲದಿಂದ ನೀಲಾಳ ಕಡೆ ತಿರುಗಿದರು. ತಿರುಗಿದ ಮೇಲೆ ನೆನಪಾಗಿ ಮುಖ ತಗ್ಗಿಸಿದರು. ನೀಲಾ ಸೆರಗು ಸರಿಮಾಡಿಕೊಂಡು ಶುರುಮಾಡಿದಳು, ತನ್ನ ಹಳೆಯ ಎತ್ತರಕ್ಕಿಂತ ಎಷ್ಟೋ ಕೆಳಗೆ. ದನಿ ಒರಟಾಗಿತ್ತು, ಆದರೆ ನಿಂತಿತ್ತು. ಹಾಡು ಮೇಲೆ ಏರುವ ಸಾಲು ಬಂದಾಗ ಅವಳು ತೊಟ್ಟಿಲು ತೂಗುತ್ತಲೇ ಸುಮ್ಮನಾದಳು. ಅಷ್ಟರಲ್ಲಿ ಸುತ್ತ ಕೂತ ಹೆಂಗಸರೇ ಆ ಸಾಲನ್ನು ಎತ್ತಿಕೊಂಡರು, ಒಬ್ಬರು ಎತ್ತರ, ಒಬ್ಬರು ತಗ್ಗು, ಶ್ರುತಿ ಎಂಬುದು ಯಾರಿಗೂ ಇರಲಿಲ್ಲ. ಹಾಡು ಕೆಳಗಿಳಿದಾಗ ನೀಲಾ ಮತ್ತೆ ಸೇರಿಕೊಂಡಳು.

ಮುಗಿದ ಮೇಲೆ ನಮ್ಮ ಅತ್ತಿಗೆ ಕೇಳಿದಳು: "ಯಾಕ ನೀಲಾ, ಮ್ಯಾಲಿಂದು ನಮಗ ಬಿಟ್ಟೆಲ್ಲ?"

"ಇಷ್ಟು ವರ್ಷ ಎಲ್ಲಾ ನಾನ ಹಾಡಿ ನಿಮ್ಮನ್ನ ಸುಮ್ಮ ಕುಂದರಿಸಿದ್ನಿ ಅಕ್ಕಾ," ಅಂದಳು ನೀಲಾ. "ನಿಮಗೂ ಬರತೈತಿ ಅಂತ ನನಗೆಲ್ಲಿ ಗೊತ್ತಿತ್ತು?"

ಮುಂದಿನ ಹಾಡಿನಲ್ಲಿ ಮೇಲಿನ ಸಾಲು ಯಾರದೆಂದು ಅವರಲ್ಲಿ ಆಗಲೇ ಜಗಳ ಶುರುವಾಗಿತ್ತು.