ಕಿಟಕಿಗೆ ಕಟ್ಟಿದ ಕೌದಿ

೧೯೯೭ರ ಬೇಸಿಗೆಯಲ್ಲಿ ನಮ್ಮ ನಾಗಸಂದ್ರದ ಬಾಡಿಗೆ ಮನೆಯ ಪಶ್ಚಿಮದ ಕಿಟಕಿಗೆ ಅತ್ತೆ ಒಂದು ಕೌದಿ ಕಟ್ಟಿದರು. ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ದಪ್ಪ ಹೊದಿಕೆ ಅದು. ಹಾವೇರಿಯಿಂದ ಬರುವಾಗ ಹುಟ್ಟಲಿರುವ ಕೂಸಿಗೆಂದು ತಂದಿದ್ದರು. ಒಳಗೆ ಸೆಕೆಗೆ ಜೀವ ಹೋಗುತ್ತಿತ್ತು. ಆದರೆ ಹೊರಗೆ, ಮಾದನಾಯಕನಹಳ್ಳಿಯ ಕಡೆಯ ಆಕಾಶದಲ್ಲಿ, ಸಂಜೆಯಾದರೆ ಧೂಮಕೇತು ಕಾಣುತ್ತಿತ್ತು. ನಾನು ಬಸುರಿ. ಬಸುರಿಯ ಕಣ್ಣಿಗೆ ಅದು ಬೀಳಬಾರದು ಎಂಬುದು ಅತ್ತೆಯ ಹಟ.

ಹಿಂದಿನ ವರ್ಷವೂ ಒಂದು ಧೂಮಕೇತು ಬಂದಿತ್ತು. ಆಗಲೂ ನಾನು ಬಸುರಿ. ತಾರಸಿಗೆ ಹೋಗಿ ಕಣ್ತುಂಬ ನೋಡಿ ಬಂದಿದ್ದೆ. ಸ್ವಲ್ಪ ದಿನದಲ್ಲೇ ಹೊಟ್ಟೆಯಲ್ಲಿದ್ದದ್ದು ಹೋಯಿತು. ಹೀಗೆ ಎಷ್ಟೋ ಜನರಿಗೆ ಆಗುತ್ತದೆ, ಕಾರಣ ಹೇಳಲು ಬರುವುದಿಲ್ಲ ಎಂದರು ಡಾಕ್ಟರು. ಅತ್ತೆಗೆ ಕಾರಣ ಗೊತ್ತಿತ್ತು. ನನ್ನ ಗಂಡನಿಗೆ ಧೂಮಕೇತು ಕಾರಣವಲ್ಲ ಎಂಬುದು ಗೊತ್ತಿತ್ತು. ನನ್ನ ಹೊಟ್ಟೆಯ ವಿಷಯದಲ್ಲಿ ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಎಲ್ಲವೂ ಗೊತ್ತಿತ್ತು.

ಹಾಗೆಂದು ನಾನೇನು ದಡ್ಡಿಯಲ್ಲ. ಪೀಣ್ಯದ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದವಳು. ಬಳಿದ ಬಣ್ಣ ಎದ್ದು ಬಂದರೆ ಅದಕ್ಕೆ ಯಾರ ಕಣ್ಣೂ ಬಿದ್ದಿಲ್ಲ, ತಗಡಿನ ಮೇಲಿದ್ದ ಎಣ್ಣೆಜಿಡ್ಡು ಕಾರಣ ಎಂದು ತೋರಿಸಿಕೊಡುವುದಕ್ಕೇ ನನಗೆ ಸಂಬಳ. ಧೂಮಕೇತು ಎಂದರೆ ಧೂಳು ಮತ್ತು ಮಂಜುಗಡ್ಡೆ ಎಂದು ಚೆನ್ನಾಗಿ ಬಲ್ಲೆ. ಆದರೂ ಆ ಕೌದಿಯನ್ನು ಬಿಚ್ಚಿ ಎಸೆಯಲು ಕೈ ಬರಲಿಲ್ಲ. ಸೆಕೆಗೆ ಬೈದುಕೊಳ್ಳುತ್ತ ಕೂತಿರುತ್ತಿದ್ದೆ.

ನನ್ನ ಗಂಡ ಇಂಜಿನಿಯರು. ಫ್ಯಾಕ್ಟರಿಯಿಂದ ಬಂದವರು ಕೈಕಾಲು ತೊಳೆಯುವ ಮೊದಲೇ ತಾಯಿಯೊಂದಿಗೆ ವಾದಕ್ಕೆ ಇಳಿಯುತ್ತಿದ್ದರು.

"ಯವ್ವಾ, ಭೂಮಿ ಮ್ಯಾಲಿನ ನೀರು, ಜೀವಕ್ಕ ಬೇಕಾದ ಸಾಮಾನು, ಇವನ್ನೆಲ್ಲಾ ಇಂಥಾ ಧೂಮಕೇತುನ ತಂದು ಸುರುವಿರಬೇಕು ಅಂತಾರ ವಿಜ್ಞಾನಿಗಳು. ನೀ ನೋಡಿದ್ರ ಅದು ಜೀವಾ ನುಂಗತೈತಿ ಅಂತಿ."

ಅತ್ತೆ ಮೊರದಿಂದ ತಲೆ ಎತ್ತದೆ ಕೇಳಿದರು: "ಸಾಮಾನು ಬಂತು ಅನ್ನು. ಅದಕ್ಕ ಜೀವಾ ಕೊಟ್ಟವ್ರು ಯಾರು?"

"ಯಾರೂ ಕೊಟ್ಟಿಲ್ಲ. ತಾನಾಗೇ ಆತು."

"ಹಾಲು ತಾನಾಗೇ ಮೊಸರು ಆಗತೈತೇನು? ಹೆಪ್ಪು ಹಾಕವ್ರು ಬೇಕಲ್ಲ?"

"ಹಂಗ ಇಟ್ರ ತಾನಾಗೇ ಒಡೀತೈತಲ್ಲ ಯವ್ವಾ!"

"ಒಡದದ್ದಕ್ಕ ಯಾರೂ ಮೊಸರು ಅನ್ನಂಗಿಲ್ಲ. ಚೆಲ್ಲತಾರ."

ತಾಯಿ ಮಗ ಇಬ್ಬರೂ ನಕ್ಕರು. "ನಿಮ್ಮ ಹಾಲು ಮೊಸರು ಎರಡೂ ಸಾಕು ಮಾಡ್ರಿ!" ಎಂದು ನಾನು ಕಿರುಚಿಬಿಟ್ಟೆ. ಹೋದ ವರ್ಷ ಆಸ್ಪತ್ರೆಯಲ್ಲಿ ಚೆಲ್ಲಿ ಬಂದವಳು ನಾನು. ಅವರಿಗೆ ಅದು ಮಾತಿನ ವರಸೆ. ಗಂಡ ಎದ್ದು ಬಚ್ಚಲಿಗೆ ಹೋದರು. ಅತ್ತೆ ಮತ್ತೆ ಅಕ್ಕಿ ಆರಿಸತೊಡಗಿದರು. ಆಮೇಲೆ ಆ ವಾದ ನಡೆಯಲಿಲ್ಲ, ಕೌದಿ ಮಾತ್ರ ಇದ್ದಲ್ಲೇ ಇತ್ತು.

ಎಂಟನೇ ತಿಂಗಳಲ್ಲಿ ಲಿಂಗ ಕಟ್ಟುವ ಶಾಸ್ತ್ರ. ನಮ್ಮಲ್ಲಿ ಕೂಸು ಹೊಟ್ಟೆಯಲ್ಲಿರುವಾಗಲೇ ಅದರ ಪಾಲಿನ ಲಿಂಗವನ್ನು ತಾಯಿಗೆ ಕಟ್ಟುತ್ತಾರೆ. ಹುಟ್ಟಿದ ಮೇಲೆ ಅದು ಕೂಸಿನದು. ದಾಸರಹಳ್ಳಿಯಿಂದ ಅಯ್ಯನವರೊಬ್ಬರು ಬಂದು ಪೂಜೆ ಮುಗಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿದ ಲಿಂಗವನ್ನು ಕಟ್ಟಿಸಿ ಹೋದರು. ಅತ್ತೆ ನನ್ನ ಹಣೆಗೆ ವಿಭೂತಿ ಹಚ್ಚಿ, "ಇನ್ನ ಕೂಸಿಗೆ ಯಾರ ಅಂಜಿಕೀನೂ ಇಲ್ಲ" ಎಂದರು. ಹಾಗೆ ಅಂದವರು ಸಂಜೆಯಾಗುತ್ತಲೇ ಹೋಗಿ ಕೌದಿಯ ಗಂಟನ್ನು ಬಿಗಿ ಮಾಡಿದರು.

ನನಗೆ ರೇಗಿಹೋಯಿತು. "ಅತ್ತಿ, ಯಾರ ಅಂಜಿಕೀನೂ ಇಲ್ಲ ಅಂದ್ರಿ. ಮತ್ತ ಈ ಕೌದಿ ಯಾಕ? ಲಿಂಗ ದೊಡ್ಡದೋ, ಬಾಲದ ಚುಕ್ಕಿ ದೊಡ್ಡದೋ?"

ಅತ್ತೆಯ ಕೈ ಗಂಟಿನ ಮೇಲೆಯೇ ನಿಂತಿತು. ಗಂಡನ ಇಷ್ಟು ದಿನದ ವಿಜ್ಞಾನವೆಲ್ಲ ಅವರನ್ನು ಅಲ್ಲಾಡಿಸಿರಲಿಲ್ಲ. ಅವರದೇ ದೇವರನ್ನು ಮುಂದಿಟ್ಟದ್ದು ಅಲ್ಲಾಡಿಸಿತು. ದೇವರನ್ನು ನಂಬುವುದೂ ಧೂಮಕೇತುವಿಗೆ ಅಂಜುವುದೂ ಒಂದೇ ಎಂದು ನಾನೂ ಗಂಡನೂ ತಿಳಿದಿದ್ದೆವು. ಅವೆರಡರ ನಡುವಿನ ಜಗಳ ಅತ್ತೆಯೊಳಗೇ ಇತ್ತೆಂದು ನನಗೆ ಹೊಳೆದದ್ದು ಆಗ.

ಅಷ್ಟರಲ್ಲಿ ಕರೆಂಟ್ ಹೋಯಿತು. ನಮ್ಮ ಕಡೆ ಕರೆಂಟ್ ಹೋದಾಗ ಮಾತ್ರ ಆಕಾಶ ಸರಿಯಾಗಿ ಕಾಣುತ್ತಿತ್ತು.

"ಏಳು ತಂಗಿ, ಮ್ಯಾಲೆ ಹೋಗೂಣು" ಎಂದರು ಅತ್ತೆ.

ತಾರಸಿಯ ಮೇಲೆ ಅವರು ತಲೆತುಂಬ ಸೆರಗು ಹೊದ್ದು ನಿಂತರು. ಕೆಳಗೆ ತುಮಕೂರು ರಸ್ತೆಯಲ್ಲಿ ಲಾರಿಗಳ ಸದ್ದು. "ಅಲ್ಲೈತಿ ನೋಡು" ಎಂದರು. ನಾನು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಿದ್ದೆ. ಅವರ ಬಾಯಿ ಮುಚ್ಚಿಸಲು ಪ್ರಶ್ನೆ ಕೇಳಿದ್ದೆನೇ ಹೊರತು ನೋಡುವ ಧೈರ್ಯ ನನ್ನಲ್ಲಿರಲಿಲ್ಲ. ತುಂಬಾ ಹೆದರಿದ್ದೆ. ಒಂದು ವರ್ಷದಿಂದ ನುಂಗಿಕೊಂಡಿದ್ದ ಮಾತು ಆಗ ಬಾಯಿಗೆ ಬಂತು.

"ಅತ್ತಿ, ಹೋದ ವರ್ಷ ನಾ ನೋಡಿದ್ದಕ್ಕ ಹಂಗಾತೇನ್ರಿ?"

ಅವರು ನನ್ನ ಕೈ ಹಿಡಿದುಕೊಂಡರು.

"ಇಲ್ಲ ತಂಗಿ. ನಿನ್ನ ಗಂಡ ಹುಟ್ಟೂಕಿಂತ ಮದಲ ನನಗೂ ಎರಡು ಹೋಗ್ಯಾವ. ಆವಾಗ ಆಕಾಶದಾಗ ಏನೂ ಇರಲಿಲ್ಲ."

ನಾನು ಕಣ್ಣು ಬಿಟ್ಟೆ. ನೀರು ತುಂಬಿ ಮೊದಲು ಏನೂ ಕಾಣಲಿಲ್ಲ; ಆಮೇಲೆ ಕಂಡಿತು. ಇಬ್ಬರೂ ಕರೆಂಟ್ ಬರುವವರೆಗೆ ನೋಡಿದೆವು.

ಕೆಳಗಿಳಿದ ಮೇಲೆ ಅತ್ತೆ ಕೌದಿಯ ಗಂಟು ಬಿಚ್ಚಿ, ಧೂಳು ಕೊಡವಿ, ಮಡಚಿ, ಕೂಸಿನ ಬಟ್ಟೆಗಳ ಜೊತೆ ಇಟ್ಟರು. ಜೂನ್ ತಿಂಗಳಲ್ಲಿ ಮಗಳನ್ನು ಅದರಲ್ಲೇ ಸುತ್ತಿ ಮನೆಗೆ ತಂದೆವು.