ಕುಂಕುಮ ಹತ್ತಿದ ಕ್ರೋನೋಗ್ರಾಫ್

ಕಲಾಸಿಪಾಳ್ಯದ ಮಂಡಿಯಲ್ಲಿ ಟೊಮೆಟೊ ವ್ಯಾಪಾರ ಮಾಡುವ ಚಿಕ್ಕಮುನಿಯಮ್ಮನವರಿಗೆ ವಾಚಿನ ಹುಚ್ಚು ಹತ್ತಿಸಿದ್ದು ಭಾನುವಾರದ ಹಳೇ ಸಾಮಾನಿನ ಸಂತೆ. ಅಲ್ಲಿ ಅವರ ಕಣ್ಣಿಗೆ ಬಿದ್ದದ್ದು ಒಂದು ಕ್ರೋನೋಗ್ರಾಫ್, ಅಂದರೆ ಸ್ಟಾಪ್‌ವಾಚನ್ನೂ ಹೊಟ್ಟೆಯಲ್ಲೇ ಇಟ್ಟುಕೊಂಡ ಕೈಗಡಿಯಾರ. ಪಕ್ಕದ ಗುಂಡಿ ಒತ್ತಿದರೆ ಮುಳ್ಳು ಓಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಹೇಳಿದ ಮಾತು ಕೇಳುವಂಥದ್ದು ಮನೆಯಲ್ಲಿ ಒಂದಾದರೂ ಇರಲಿ ಎಂದು ಕೊಂಡರು. ಆಮೇಲೆ ಚಾಮರಾಜಪೇಟೆಯ ಮನೆಯ ಬೀರುವೇ ತುಂಬಿತು. ಗಂಡಸರ ವಾಚು ನಿಮಗ್ಯಾಕೆ ಎಂದವರಿಗೆ, "ಅದಕ್ಕೇನು ಮೀಸೆ ಬಂದಿದ್ಯಾ?" ಎನ್ನುತ್ತಿದ್ದರು.

ಮೊದಲು ಕೊಂಡ ಆ ನೀಲಿ ಮುಖದ ಕ್ರೋನೋಗ್ರಾಫಿನಂಥದ್ದು ಊರಿನಲ್ಲೇ ಇನ್ನೊಂದಿಲ್ಲವೆಂದು ಹೇಳಿದವರು ಬಸವನಗುಡಿಯ ಚಂದ್ರಶೇಖರಯ್ಯ, ಹಳೇ ವಾಚು ಸಂಗ್ರಹಿಸುವವರ ಸಂಘದ ಅಧ್ಯಕ್ಷರು. ಸಂಘದ ಪ್ರದರ್ಶನದಲ್ಲಿ ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಹೆಸರು ಬರೆದು ಇಡುತ್ತೇವೆ ಎಂದರು. ಮುನಿಯಮ್ಮನವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಡೀ ಮಂಡಿಗೆ ಡಂಗುರ ಸಾರಿ, ಎಲ್ಲರೂ ಬರಬೇಕೆಂದು ಆಹ್ವಾನ ಕೊಟ್ಟೂ ಆಯಿತು.

ವಾಚು ಒಯ್ಯಲು ಮನೆಗೆ ಬಂದ ಚಂದ್ರಶೇಖರಯ್ಯ ಭೂತಕನ್ನಡಿ ಹಿಡಿದು ನೋಡಿದರು.

"ಅಮ್ಮಾ, ಗುಂಡಿ ಬುಡದಲ್ಲಿ ಇದೇನು ಕೆಂಪಗೆ?"

"ಕುಂಕುಮ. ಆಯುಧಪೂಜೇಲಿ ತಕ್ಕಡಿಗೂ ಇಡ್ತೀನಿ, ಇದಕ್ಕೂ ಇಡ್ತೀನಿ."

ಚಂದ್ರಶೇಖರಯ್ಯ ತಲೆಯ ಮೇಲೆ ಕೈ ಹೊತ್ತರು. "ಎಂಥಾ ಪೀಸ್ ಹಾಳ್ ಮಾಡಿದ್ದೀರ! ಈ ಕೊಳೆ ತೆಗೆಸಿ ಕೊಡಿ. ಇಲ್ಲಾಂದ್ರೆ ಇಡೋಕಾಗಲ್ಲ."

"ಒರೆಸಿಬಿಡಮ್ಮಾ, ಏನೀಗ?" ಎಂದಳು ಮಗಳು ಗಗನಾ.

ಗಾಜಿನ ಪೆಟ್ಟಿಗೆಯ ಆಸೆ ಇರಲಿಲ್ಲವೆಂದರೆ ಸುಳ್ಳಾದೀತು. ಮುನಿಯಮ್ಮ ಸೆರಗಿನ ತುದಿಯನ್ನು ಒದ್ದೆ ಮಾಡಿಯೂ ಆಗಿತ್ತು. ಆದರೆ ಆ 'ಕೊಳೆ' ಎಂಬ ಮಾತು ಗಂಟಲಿಗೆ ಸಿಕ್ಕಿದ ಮೀನಿನ ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ಸೆರಗು ಬಿಟ್ಟರು.

"ಸ್ವಾಮಿ, ನಿಮ್ದು ಶೋಕಿ ವಾಚು. ನಂದು ದುಡಿಯೋದು. ಲಾರಿ ಇಳಿಸೋರು ಸೋಮಾರಿತನ ಮಾಡ್ತಿದಾರಾ ಇಲ್ವಾ ಅಂತ ಹೇಳೋದೇ ಇದು. ದುಡಿಯೋದಕ್ಕೆ ವರ್ಷಕ್ಕೊಂದ್ಸಲ ಕೈ ಮುಗೀತೀವಿ. ಅದು ಕೊಳೆ ಅನ್ನೋದಾದ್ರೆ ನಿಮ್ಮ ಗಾಜಿನ ಪೆಟ್ಟಿಗೆ ನಿಮಗೇ ಇರ್ಲಿ."

ಚಂದ್ರಶೇಖರಯ್ಯ ಕಾಫಿಯನ್ನೂ ಕುಡಿಯದೆ ಹೊರಟುಹೋದರು.

ಪ್ರದರ್ಶನದ ದಿನ ಮುನಿಯಮ್ಮ ಹೋಗುವುದಿಲ್ಲವೆಂದೇ ಗಗನಾ ತಿಳಿದಿದ್ದಳು. ಅವರು ರೇಷ್ಮೆ ಸೀರೆ ಉಟ್ಟು, ನೀಲಿ ವಾಚು ಕಟ್ಟಿಕೊಂಡು ಹೋದರು. ಗಾಜಿನೊಳಗೆ ಸಾಲಾಗಿ ಮಲಗಿದ್ದ ವಾಚುಗಳನ್ನು ಒಂದೊಂದಾಗಿ ನೋಡುತ್ತ ನಡೆದರು. ಅಷ್ಟರಲ್ಲಿ ಮಂಡಿಯವರು ದಂಡು ಕಟ್ಟಿಕೊಂಡು ಬಂದರು. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬಗ್ಗಿ ನೋಡಿದರು.

"ಎಲ್ಲಕ್ಕಾ ನಿನ್ ವಾಚು? ನಿನ್ ಹೆಸರೇ ಇಲ್ವಲ್ಲ?" ಎಂದರು ಸೊಪ್ಪಿನ ವ್ಯಾಪಾರಿ ನಾರಾಯಣಮ್ಮ.

ಸಭಾಂಗಣವೆಲ್ಲ ತಿರುಗಿ ನೋಡಿತು. ಮುನಿಯಮ್ಮನವರ ಮುಖ ಕೆಂಪಾಯಿತು. ಮರುಕ್ಷಣವೇ ಕೈ ಎತ್ತಿದರು.

"ಇಲ್ಲೈತೆ. ನೋಡೋರು ಬನ್ನಿ, ಗುಂಡಿ ಒತ್ತಿ."

"ಅಮ್ಮಾ, ಇಲ್ಲಿ ಯಾವುದನ್ನೂ ಮುಟ್ಟೋ ಹಾಗಿಲ್ಲ," ಎನ್ನುತ್ತ ಚಂದ್ರಶೇಖರಯ್ಯ ಓಡಿ ಬಂದರು.

"ನಿಮ್ದು ಮುಟ್ಟಲ್ಲ ಬಿಡಿ," ಎಂದು ಮುನಿಯಮ್ಮ ಮಣಿಕಟ್ಟನ್ನು ನಾರಾಯಣಮ್ಮನವರ ಮುಂದೆ ಚಾಚಿದರು. "ಇದು ನನ್ ಕೈ. ಒತ್ತೇ ನಾರಾಯಣಿ."