ವಿಶಲ್ ಅಕ್ಕ ಊದಿದ ಗೆಣಸು

ಹದಿನೇಳನೇ ನಂಬರ್ ಬಸ್ಸಿನ ಕಂಡಕ್ಟರ್ ಬಗ್ಗೆ ಬರೆಯಲೇಬೇಕು ಅಂತ ನನಗೆ ಅನ್ನಿಸಿದ್ದಕ್ಕೆ ಕಾರಣ ಇದೆ. ಐವತ್ತಮೂರನೇ ವಯಸ್ಸಿನಲ್ಲಿ, ಸಂಗೀತದ ಗಂಧಗಾಳಿ ಇಲ್ಲದೆ, ಇಡೀ ಡಿಪೋ ಹಲ್ಲು ಕಿರಿಯುತ್ತಿರುವಾಗ, ಒಂದು ಹಾಡನ್ನು ಮೊದಲಿನಿಂದ ಕೊನೆಯವರೆಗೆ ಊದಿದವಳು ನಾನು ಕಂಡಂತೆ ಅವಳೊಬ್ಬಳೇ. ಮಂತ್ರಿಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಅವಳ ಬಗ್ಗೆ ಬರೆಯಲು ಇರುವವನು ನಾನೊಬ್ಬನೇ. ನಾನು ಅವಳ ಡ್ರೈವರ್. ಓದಿದ್ದು ಏಳನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಡಿಪೋದಲ್ಲಿ ಅವಳಿಗೆ ವಿಶಲ್ ಅಕ್ಕ ಅಂತ ಹೆಸರು. ಹತ್ತೊಂಬತ್ತು ವರ್ಷ ನಾನು ಮುಂದೆ, ಅವಳು ಹಿಂದೆ. ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೊರಡು. ನಮ್ಮಿಬ್ಬರ ಮಾತುಕತೆ ಹೆಚ್ಚುಕಮ್ಮಿ ಅಷ್ಟೇ. ಗಂಡ ಹೆಂಡಿರ ನಡುವೆ ಕೂಡ ಇಷ್ಟು ಹೊಂದಾಣಿಕೆ ಇರುವುದಿಲ್ಲ. ಅವಳ ವಿಶಲ್ ಸಾಮಾನ್ಯದ್ದಲ್ಲ. ಒಂದು ಸಲ ಫುಟ್‌ಬೋರ್ಡಿನ ಹತ್ತಿರ ಕೂತಿದ್ದ ಅಜ್ಜನೊಬ್ಬ ಬೆಚ್ಚಿ ಬಾಯಿ ಬಿಟ್ಟಾಗ ಕಟ್ಟಿಸಿದ ಹಲ್ಲು ಕೆಳಗೆ ಬಿತ್ತು. ಅಕ್ಕ ಹುಡುಕಿ, ಒರೆಸಿ, ಕೈಗೆ ಕೊಟ್ಟು, "ಟಿಕೆಟ್?" ಅಂದಳು.

ಆಮೇಲೆ ಹೊಸ ಬಸ್ಸುಗಳು ಬಂದವು. ಬಾಗಿಲ ಪಕ್ಕದಲ್ಲಿ ಒಂದು ಬಟನ್. ಒತ್ತಿದರೆ ನನ್ನ ತಲೆ ಮೇಲೆ ಗಂಟೆ ಹೊಡೆಯುತ್ತದೆ. ಸ್ಟೋರ್ಸಿನ ಗುಮಾಸ್ತ ಎಲ್ಲರ ವಿಶಲ್ಲನ್ನೂ ಸಹಿ ಹಾಕಿಸಿಕೊಂಡು ವಾಪಸ್ ತೆಗೆದುಕೊಂಡ.

"ಇದನ್ನ ಏನು ಮಾಡ್ತೀರಿ?" ಅಕ್ಕ ಕೇಳಿದಳು.

"ಏನೂ ಇಲ್ಲ. ರೂಲ್ಸ್ ಪ್ರಕಾರ ವಾಪಸ್."

"ಇದರೊಳಗೆ ನನ್ನ ಎಂಜಲು ಇದೆಯಲ್ಲ ಸ್ವಾಮಿ, ಇಷ್ಟು ವರ್ಷದ್ದು. ಅದೂ ರೂಲ್ಸ್ ಪ್ರಕಾರ ವಾಪಸ್ಸಾ?"

ಗುಮಾಸ್ತ ವಿಶಲ್ಲನ್ನು ಎರಡು ಬೆರಳಲ್ಲಿ ಹಿಡಿದು ಡಬ್ಬಿಗೆ ಹಾಕಿದ.

ಅದಾದ ಮೇಲೆ ಅಕ್ಕನ ಮುಖ ನೋಡಲಾಗುತ್ತಿರಲಿಲ್ಲ. ಸ್ಟಾಪು ಬಂದಾಗಲೆಲ್ಲ ತುಟಿ ಮುಂದೆ ಬರುತ್ತಿತ್ತು, ಊದಲು ಏನೂ ಇರುತ್ತಿರಲಿಲ್ಲ. ಯಾರದೋ ಮೂಗು ಜಜ್ಜುವವಳ ಹಾಗೆ ಬಟನ್ ಒತ್ತುತ್ತಿದ್ದಳು.

ನಮ್ಮ ದಾರಿಯಲ್ಲಿ ಒಂದು ಸಿಗ್ನಲ್ ಇದೆ. ಪಕ್ಕದಲ್ಲೇ ವಾದ್ಯದ ಅಂಗಡಿ. ಅದರ ಗಾಜಿನ ಹಿಂದೆ ಪಿಂಗಾಣಿಯದ್ದೊಂದು ವಸ್ತು ನೇತಾಡುತ್ತಿತ್ತು, ಥೇಟ್ ಗೆಣಸು. ಮೈತುಂಬ ತೂತು, ಪಕ್ಕದಲ್ಲಿ ಒಂದು ಮೂತಿ. ಅಕ್ಕ ನಾಲ್ಕು ದಿನ ಅದನ್ನೇ ನೋಡಿದಳು. ವಾರದ ರಜೆಯ ದಿನ ನನ್ನನ್ನೂ ಎಳೆದುಕೊಂಡು ಹೋದಳು.

"ಅದೇನು ಅದು, ಊದೋದಾ?" ಅಂತ ಕೇಳಿದಳು.

"ಒಕರೀನಾ," ಅಂದರು ಅಂಗಡಿಯವರು. ಕನ್ನಡಕ ಹಣೆ ಮೇಲೆ, ಹುಡುಕುತ್ತಿದ್ದದ್ದು ಮೇಜಿನ ಮೇಲೆ. "ಕೊಳಲಿನ ಜಾತಿ. ಕೊಳಲಿನಷ್ಟು ಹಟ ಇಲ್ಲ, ಊದಿದ ತಕ್ಷಣ ಸದ್ದು ಕೊಡುತ್ತೆ. ಪ್ಲಾಸ್ಟಿಕ್ಕಿನದ್ದು ಅಗ್ಗ."

ಅಕ್ಕ ಪ್ಲಾಸ್ಟಿಕ್ಕಿನದನ್ನು ಊದಿದಳು. ಅಂಗಡಿಯವರ ಕನ್ನಡಕ ತಾನಾಗಿಯೇ ಮೂಗಿಗೆ ಇಳಿಯಿತು.

"ಇದು ವಿಶಲ್ಲೇ. ಈಗಷ್ಟೇ ಒಂದನ್ನ ಕಳ್ಕೊಂಡಿದೀನಿ, ಇನ್ನೊಂದು ಬೇಡ," ಅಂದಳು ಅಕ್ಕ.

ಹೂಬಳ್ಳಿ ಬಿಡಿಸಿದ್ದು ಒಂದಿತ್ತು. ಅದರ ಬೆಲೆ ಕೇಳಿ ನಾವಿಬ್ಬರೂ ಒಂದೇ ಸಲ ಹಿಂದೆ ಸರಿದೆವು. ಅಂಗಡಿಯವರು ಒಳ್ಳೆಯವರು. "ಅದರಲ್ಲಿ ಚಿತ್ರಕ್ಕೆ ದುಡ್ಡು ತಾಯಿ, ಸದ್ದಿಗಲ್ಲ," ಅಂತ ಹೇಳಿ, ಬರೀ ಕಂದು ಬಣ್ಣದ ಮೂರು ಪಿಂಗಾಣಿಯವನ್ನು ಸಾಲಾಗಿ ಇಟ್ಟರು. ಒಂದು ಜೊತೆ ಒಳ್ಳೆ ಚಪ್ಪಲಿಯ ಬೆಲೆ. "ಮೊದಲು ಉಗುರಲ್ಲಿ ತಟ್ಟಿ. ಬಿರುಕಿದ್ರೆ ಮಂಕಾಗಿ ಕೇಳುತ್ತೆ. ಆಮೇಲೆ ಎಲ್ಲ ತೂತು ಮುಚ್ಚಿ ಮೆಲ್ಲಗೆ ಊದಿ, ಕೆಳಗಿನ ಸ್ವರ ನಡುಗಬಾರದು. ಎಲ್ಲ ತೆಗೆದು ಊದಿ, ಮೇಲಿನ ಸ್ವರದಲ್ಲಿ ಗಾಳಿ ಸೋರಬಾರದು."

ಮೊದಲನೆಯದು ಮೇಲಿನ ಸ್ವರದಲ್ಲಿ ಪಂಕ್ಚರ್ ಆದ ಟಯರಿನ ಹಾಗೆ ಬುಸ್ಸೆಂದಿತು. ಎರಡನೆಯದರ ತೂತು ಅಕ್ಕನ ಕಿರುಬೆರಳಿಗಿಂತ ಅಗಲ. ಮೂರನೆಯದು ಕೈಯಲ್ಲಿ ಸರಿಯಾಗಿ ಕೂತಿತು. "ಇದು ನಂದು," ಅಂದಳು.

ಹೊರಗೆ ಬಂದ ಮೇಲೆ ಕೇಳಿದೆ, "ಈಗ್ಯಾಕಕ್ಕ ಇದೆಲ್ಲ?"

ಆಗ ಹೇಳಿದಳು. ಒಂಬತ್ತು ವರ್ಷದವಳಾಗಿದ್ದಾಗ ಸ್ಕೂಲಿನಲ್ಲಿ ಗುಂಪು ಹಾಡು ಇತ್ತಂತೆ. ಅವಳ ಸ್ವಂತ ಅಕ್ಕ, ಎರಡು ವರ್ಷ ದೊಡ್ಡವಳು, ಆ ಗುಂಪಿನ ಲೀಡರ್. ಹಿಂದಿನ ದಿನ ತಂಗಿಯನ್ನು ಮೂಲೆಗೆ ಕರೆದು, "ನೀನು ಬಾಯಿ ಮಾತ್ರ ಆಡ್ಸು. ಸದ್ದು ಬೇಡ," ಅಂದಳಂತೆ. ಇವಳು ಹಾಗೇ ಮಾಡಿದಳು. ಮನೆಗೆ ಬಂದ ಮೇಲೆ ಅಮ್ಮ ತಲೆ ಸವರಿ, "ಎಲ್ಲರಿಗಿಂತ ನಿನ್ನ ದನಿಯೇ ಚೆನ್ನಾಗಿ ಕೇಳಿಸ್ತು ಕಂದಾ," ಅಂದರಂತೆ.

"ಅವತ್ತಿಂದ ಒಂದು ಹಾಡು ಬಾಕಿ ಇದೆ ತಮ್ಮ. ಅದೇ ಹಾಡು. ಸದ್ದು ಮಾಡಿ ಮುಗಿಸ್ಬೇಕು. ಬಾಯಲ್ಲಿ ನನ್ನಿಂದಾಗಲ್ಲ. ಇದರಲ್ಲಿ ಆಗ್ಬಹುದು." ಆ ದೊಡ್ಡಕ್ಕ ಈಗ ಹೆಸರುವಾಸಿ ಸಂಗೀತದ ಟೀಚರ್. ಅವರಿಗೆ ಈ ವಿಷಯ ಹೇಳಕೂಡದು ಅಂತ ನನ್ನಿಂದ ಮಾತು ತೆಗೆದುಕೊಂಡಳು. ನಾನು ಯಾರಿಗೂ ಏನೂ ಹೇಳುವವನಲ್ಲ. ಆದರೆ ಡಿಪೋಗೆ ಮಾರನೇ ದಿನವೇ ಗೊತ್ತಾಯಿತು. ಊಟದ ಡಬ್ಬಿಯ ಪಕ್ಕದಲ್ಲಿ ಅದನ್ನು ಇಟ್ಟಿದ್ದಳು.

"ಬೇಯಿಸಿದ್ದಾ, ಹಸೀದಾ ಅಕ್ಕಾ?" ಅಂತ ಕೇಳಿದ ಮೆಕ್ಯಾನಿಕ್. ಅಂದಿನಿಂದ ಅದರ ಹೆಸರು ಗೆಣಸು.

ಕಲಿಕೆ ಕೊನೆಯ ಸ್ಟಾಪಿನಲ್ಲಿ. ಅಲ್ಲಿ ನಮಗೆ ಹನ್ನೆರಡು ನಿಮಿಷ ಬಿಡುವು. ಅಂಗಡಿಯವರು ಕೊಟ್ಟ ಹಾಳೆಯಲ್ಲಿ ಗೆಣಸಿನ ಚಿತ್ರ, ಮುಚ್ಚುವ ತೂತಿಗೆ ಕಪ್ಪು, ತೆರೆಯುವುದಕ್ಕೆ ಬಿಳಿ. ಅಕ್ಕ ಅದನ್ನು ಸೀಟಿನ ಬೆನ್ನಿಗೆ ಸಿಕ್ಕಿಸಿ ಕೂರುತ್ತಿದ್ದಳು. ಎರಡು ತಪ್ಪು ಬಿಡಲೇ ಇಲ್ಲ. ಒಂದು, ಟಿಕೆಟ್ ಹರಿದು ಹರಿದು ಅಭ್ಯಾಸ, ಪ್ರತಿ ಸ್ವರಕ್ಕೂ ಮೊದಲು ಹೆಬ್ಬೆರಳು ನಾಲಿಗೆಗೆ ಹೋಗುತ್ತಿತ್ತು. ಒದ್ದೆ ಬೆರಳು ಪಿಂಗಾಣಿಯ ಮೇಲೆ ಜಾರುತ್ತಿತ್ತು. ಇನ್ನೊಂದು, ಉಸಿರು. ವಿಶಲ್ ಊದಿದ ಎದೆ ಅದು, ಇಡೀ ಬಸ್ ನಿಲ್ಲಿಸುವ ಹಾಗೆ ಊದುತ್ತಿದ್ದಳು. ಗೆಣಸಿಗೆ ಅಷ್ಟು ಬೇಡ. ಜೋರಾದರೆ ಸ್ವರವೇ ಮೇಲೆ ಹಾರಿಬಿಡುತ್ತದೆ. ಕೊನೆಯ ಸ್ಟಾಪಿನ ನಾಯಿಗಳು ಒಂದೊಂದಾಗಿ ಜಾಗ ಬದಲಾಯಿಸಿದವು. ಮೂತಿಯೊಳಗೆ ಎಂಜಲು ಕಟ್ಟಿಕೊಂಡಾಗ ಮಾತ್ರ ಅಕ್ಕ ಜಾಣೆ. ಹಳೇ ಟಿಕೆಟ್ ಒಂದನ್ನು ಮಡಿಸಿ ಒಳಗೆ ತೂರಿಸಿ ಒಣಗಿಸುತ್ತಿದ್ದಳು.

ಮೂರು ವಾರ ಸುಮ್ಮನೆ ಕೇಳಿದೆ. ಆಮೇಲೆ ಬಾಯಿ ಬಿಟ್ಟೆ.

"ಅಕ್ಕ, ಏರಲ್ಲಿ ಗಾಡಿ ನಿಂತಿರುತ್ತಲ್ಲ. ತುಂಬಿದ ಗಾಡಿ. ಆಗ ಕ್ಲಚ್ ಹೇಗೆ ಬಿಡ್ತೀನಿ ನೋಡಿದೀಯಾ?"

"ಇಲ್ಲ. ನಾನು ಟಿಕೆಟ್ ಕೊಡ್ತಿರ್ತೀನಿ."

ಅವಳನ್ನು ಮುಂದೆ ಕೂರಿಸಿ ನನ್ನ ಎಡಗಾಲು ತೋರಿಸಿದೆ. ಮೆಲ್ಲಗೆ, ಮೆಲ್ಲಗೆ, ಗಾಡಿ ಹಿಡಿದುಕೊಳ್ಳುವವರೆಗೆ. ಅಕ್ಕ ನನ್ನ ಚಪ್ಪಲಿಯನ್ನೇ ನೋಡುತ್ತಾ ಊದಿದಳು. ಮೊದಲ ಸಲ ಅದು ಕಿರುಚದೆ ನುಡಿಯಿತು.

"ಸಂಗೀತ ನಿನ್ನ ಕಾಲಲ್ಲಿದೆ ಅಂತ ಗೊತ್ತಿದ್ರೆ ಇಷ್ಟು ದಿನ ಕಷ್ಟಪಡ್ತಿರ್ಲಿಲ್ಲ," ಅಂದಳು.

ಅದೇ ಕಾಲು ಮುಂದಿನ ವಾರ ಮರ್ಯಾದೆ ಕಳೆಯಿತು. ಬೆಳಿಗ್ಗೆ ಡಿಪೋದಿಂದ ಖಾಲಿ ಗಾಡಿ ತೆಗೆದಿದ್ದೆ. ಜನ ಇಲ್ಲವಲ್ಲ ಅಂತ ಅಕ್ಕ ಹಿಂದಿನ ಸೀಟಿನಲ್ಲಿ ಗೆಣಸು ತೆಗೆದು, 'ಕೂ' ಅಂತ ಒಂದು ಸ್ವರ ಬಿಟ್ಟಳು. ನನ್ನ ಬಲಗಾಲು ನನ್ನನ್ನು ಕೇಳದೆ ಬ್ರೇಕ್ ಮೇಲೆ ಬಿತ್ತು. ಅಕ್ಕ ಸೀಟಿನಿಂದ ಜಾರಿ ಬಸ್ಸಿನ ನಡುವಿನವರೆಗೆ ಕೂತ ಹಾಗೇ ಬಂದಳು. ಹಣೆ ಕಂಬಕ್ಕೆ ತಗುಲಿ ಊದಿಕೊಂಡಿತು. ಗೆಣಸನ್ನು ಮಾತ್ರ ಭದ್ರವಾಗಿ ಎದೆಗೊತ್ತಿಕೊಂಡಿದ್ದಳು.

"ಯಾಕೋ ನಿಲ್ಲಿಸ್ದೆ? ನಾಯಿ ಅಡ್ಡ ಬಂತಾ?"

"ನೀನೇ ಒಂದು ಊದಿದ್ಯಲ್ಲಕ್ಕ."

"ಅದು ವಿಶಲ್ ಅಲ್ಲ ಕಣೋ, ಸ್ವರ!"

"ನನ್ನ ಕಾಲಿಗೆ ಹೇಗೆ ಗೊತ್ತಾಗ್ಬೇಕು?"

ಅಕ್ಕ ನೆಲದಲ್ಲಿ ಕೂತಲ್ಲಿಂದಲೇ ಎರಡು ಊದಿದಳು. ನಾನು ಫಸ್ಟ್ ಗೇರ್ ಹಾಕಿದೆ. ಅಷ್ಟರಲ್ಲಿ ಹಿಂದಿನ ಸ್ಕೂಟರಿನವನು ನಮ್ಮ ಏಳು ತಲೆಮಾರಿನವರನ್ನೂ ನೆನೆಸಿಕೊಂಡಾಗಿತ್ತು. ಹ್ಯಾಂಡ್‌ಬ್ರೇಕ್ ಹಾಕದೆ ಊದಕೂಡದು ಅಂತ ಅವತ್ತೇ ಕರಾರು ಮಾಡಿಕೊಂಡೆವು.

ಐದು ತಿಂಗಳಿಗೆ ಹಾಡು ಒಂದು ರೂಪಕ್ಕೆ ಬಂತು. ಡಿಪೋದ ವಾರ್ಷಿಕೋತ್ಸವಕ್ಕೆ ಅಕ್ಕ ಹೆಸರು ಕೊಟ್ಟಳು. ಮೂರು ದಿನ ಮುಂಚೆ ನೋಟಿಸ್ ಬೋರ್ಡಿನಲ್ಲಿ ತೀರ್ಪುಗಾರರ ಹೆಸರು ಬಿತ್ತು. ಮ್ಯಾನೇಜರ್ ಸಾಹೇಬರು ಊರೆಲ್ಲ ಹುಡುಕಿ ಕರೆಸಿದ್ದು ದೊಡ್ಡಕ್ಕನನ್ನೇ.

ಅಕ್ಕನ ಮುಖ ಹಳೇ ಟಿಕೆಟ್ಟಿನ ಹಾಗಾಯಿತು. "ಹೆಸರು ವಾಪಸ್ ತಗೋತೀನಿ ತಮ್ಮ. ಅವಳ ಮುಂದೆ ತಪ್ಪಿದ್ರೆ ಸಾಯೋತನಕ ಬಾಯಿ ಆಡಿಸ್ಕೊಂಡೇ ಇರ್ಬೇಕು ನಾನು."

"ಏರಲ್ಲಿ ಅರ್ಧ ಹತ್ತಿದೀಯ ಅಕ್ಕ. ಈಗ ರಿವರ್ಸ್ ಹಾಕಿದ್ರೆ ಹಿಂದಿನವರಿಗೆ ಕಷ್ಟ," ಅಂದೆ. ಅವಳು ಮೂಗು ಮುರಿದಳು. ಹೆಸರು ಮಾತ್ರ ತೆಗೆಯಲಿಲ್ಲ.

ಬಸ್ ತೊಳೆಯುವ ಕಟ್ಟೆಯೇ ವೇದಿಕೆ. ಮಧ್ಯಾಹ್ನ, ಎರಡು ಶಿಫ್ಟಿನ ನಡುವೆ. ಮುಂದಿನ ಸಾಲುಗಳಲ್ಲಿ ನಾವು ಡ್ರೈವರುಗಳು, ನಲವತ್ತು ಜನ. ಸಾಹೇಬರು ಎರಡು ಮಾತು ಆಡುತ್ತೇನೆ ಅಂತ ಎದ್ದು ಮುಕ್ಕಾಲು ಗಂಟೆ ಆಡಿದರು. ಮೆಕ್ಯಾನಿಕ್ ಬಾಯಲ್ಲಿ ಇಂಜಿನ್ನಿನ ಸದ್ದು ಮಾಡಿದ. ಸಾಹೇಬರ ಜೀಪು ಸ್ಟಾರ್ಟ್ ಆಗದೆ ಕೆಮ್ಮುವುದನ್ನು ಮಾಡಿದಾಗ ಎಲ್ಲರಿಗೂ ನಕ್ಕು ಹೊಟ್ಟೆ ಹುಣ್ಣಾಯಿತು, ಸಾಹೇಬರೊಬ್ಬರನ್ನು ಬಿಟ್ಟು. ಆಮೇಲೆ ಅಕ್ಕ ಬಂದಳು. ದೊಡ್ಡಕ್ಕ ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿದರು.

ಅಕ್ಕ ಹೆಬ್ಬೆರಳು ನೆಕ್ಕಿದಳು. ಊದಿದಳು. ಹಳೇ ಎದೆಯಿಂದ, ಹಳೇ ವಿಶಲ್ಲಿನ ಹಾಗೆ, ಒಂದೇ ಒಂದು.

ಧಡ್ ಅಂತ ಸದ್ದಾಯಿತು. ನಲವತ್ತು ಬಲಗಾಲು ಒಂದೇ ಸಲ ನೆಲಕ್ಕೆ ಬಿದ್ದಿದ್ದವು.

ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೆಕ್ಯಾನಿಕ್ ಹಿಂದಿನಿಂದ ಕೂಗಿದ, "ಯಾರೋ ಇಳಿಯೋರಿದ್ದಾರೆ!" ಇಡೀ ಡಿಪೋ ಬಿದ್ದು ಬಿದ್ದು ನಕ್ಕಿತು. ಅಕ್ಕ ಗೆಣಸನ್ನು ಬಾಯಿಂದ ತೆಗೆದಳು. ಇಳಿದು ಹೋಗುತ್ತಾಳೆ ಅಂದುಕೊಂಡೆ. ಅವಳ ಕಣ್ಣು ಸಾಲಿನಲ್ಲಿ ನನ್ನನ್ನು ಹುಡುಕುತ್ತಿತ್ತು. ನನಗೆ ಮಾತು ಬರುವುದಿಲ್ಲ. ಎಡಗಾಲು ಮುಂದೆ ಚಾಚಿ, ನೆಲಕ್ಕೊತ್ತಿ, ಕ್ಲಚ್ ಬಿಡುವ ಹಾಗೆ ಮೆಲ್ಲಗೆ ಬಿಟ್ಟು ತೋರಿಸಿದೆ.

ಅಕ್ಕ ಹೆಬ್ಬೆರಳನ್ನು ಸೀರೆಗೆ ಒರೆಸಿಕೊಂಡಳು. ಮತ್ತೆ ಊದಿದಳು. ಈ ಸಲ ಗಾಡಿ ಜಗ್ಗಲಿಲ್ಲ. ಹಾಡು ಏರು ಹತ್ತಿತು. ನಡುವೆ ಒಂದು ಕಡೆ ಎರಡು ಪುಟ್ಟ ಸ್ವರ ಜೊತೆಯಾಗಿ ಬರುತ್ತವೆ. ಅಲ್ಲಿಗೆ ಬಂದಾಗ ನಲವತ್ತು ಬಲಗಾಲು ತಾವಾಗಿಯೇ ಎದ್ದವು. ಸಾಲು ಮುಗಿದು ಒಂಟಿ ಸ್ವರ ನಿಂತಾಗ ಮತ್ತೆ ಕೆಳಗೆ. ಯಾರೂ ನಗಲಿಲ್ಲ. ಎರಡಕ್ಕೆ ಏಳು, ಒಂದಕ್ಕೆ ಬೀಳು. ಹಾಡು ಮುಗಿಯುವವರೆಗೆ ನಾವೆಲ್ಲ ಕುರ್ಚಿಯಲ್ಲಿ ಕೂತೇ ಗಾಡಿ ಓಡಿಸಿದೆವು. ತಾಳ ಅಂದರೆ ಅದೇ ಅಂತ ಆಮೇಲೆ ಗೊತ್ತಾಯಿತು.

ಬಹುಮಾನ ಮೆಕ್ಯಾನಿಕ್‌ಗೆ ಹೋಯಿತು. ದೊಡ್ಡಕ್ಕ ಕಟ್ಟೆಯ ಹಿಂದೆ ತಂಗಿಯ ಹತ್ತಿರ ಬಂದರು. ನೀರಿನ ಪೈಪು ಸುತ್ತುವ ನೆಪದಲ್ಲಿ ನಾನು ಅಲ್ಲೇ ಇದ್ದೆ.

"ಎರಡು ಕಡೆ ಶ್ರುತಿ ಏರ್ತು ಕಣೇ," ಅಂದರು.

"ಸದ್ದು ಬಂತೋ ಇಲ್ವೋ?"

"ಬಂತು. ಅದೇನು ಹಾಗೆ ಕೇಳ್ತೀಯ?"

ಅಕ್ಕ ಹೇಳಿದಳು. ನಲವತ್ತನಾಲ್ಕು ವರ್ಷದ್ದು, ಒಂದೇ ಉಸಿರಿಗೆ. ದೊಡ್ಡಕ್ಕ ಕನ್ನಡಕ ತೆಗೆದರು.

"ನಾನು ಹಾಗಂದಿದ್ನಾ? ಅಯ್ಯೋ, ಆ ಗುಂಪಲ್ಲಿದ್ದೋರಿಗೆಲ್ಲ ಹಾಗೇ ಹೇಳಿದ್ದೆ ಕಣೇ."

"ಎಲ್ಲರಿಗೂನಾ? ಮತ್ತೆ ಅವತ್ತು ಹಾಡಿದ್ದು ಯಾರು?"

"ನಾನೊಬ್ಬಳೇ."

ಅಕ್ಕ ಮೊದಲು ನಕ್ಕಳು. ಆಮೇಲೆ ದೊಡ್ಡಕ್ಕ. ಇಬ್ಬರೂ ತೊಳೆಯುವ ಕಟ್ಟೆಯ ಒದ್ದೆಯಲ್ಲೇ ಕೂತು ಕಣ್ಣೀರು ಬರುವವರೆಗೆ ನಕ್ಕರು. ಕೊನೆಗೆ ದೊಡ್ಡಕ್ಕ ಕೈ ಚಾಚಿ, "ಎಲ್ಲಿ, ಕೊಡು ನೋಡೋಣ," ಅಂದರು. ಊದಿದರು. ಅದು ಕಿರುಚಿತು.

"ಉಸಿರು ಮೆಲ್ಲಗೆ ಬಿಡ್ಬೇಕು ದೊಡ್ಡಕ್ಕ," ಅಂದಳು ಅಕ್ಕ. "ಅಲ್ಲಿವರೆಗೆ ಬೆರಳು ಮಾತ್ರ ಆಡ್ಸು. ಸದ್ದು ಬೇಡ."

ಅಕ್ಕ ಈಗಲೂ ಹದಿನೇಳನೇ ನಂಬರಿನಲ್ಲೇ ಇದ್ದಾಳೆ. ಒಂದು ಸಲ ಹತ್ತಿ ಬನ್ನಿ. ಕೊನೆಯ ಸ್ಟಾಪಿನವರೆಗೆ ಟಿಕೆಟ್ ತೆಗೆದುಕೊಳ್ಳಿ, ಸರಿಯಾದ ಚಿಲ್ಲರೆ ಇರಲಿ, ಇಲ್ಲದಿದ್ದರೆ ಊದುವುದಿರಲಿ, ಮುಖ ಕೂಡ ತೋರಿಸುವುದಿಲ್ಲ. ಹನ್ನೆರಡು ನಿಮಿಷದ ಬಿಡುವಿನಲ್ಲಿ ಕೆಳಗಿಳಿಯದೆ ಕೂತಿರಿ, ಅವಳಾಗಿಯೇ ಚೀಲಕ್ಕೆ ಕೈ ಹಾಕುತ್ತಾಳೆ. ಒಂದೇ ಮಾತು. ಗಾಡಿ ಓಡುತ್ತಿರುವಾಗ ಆಸೆಪಟ್ಟು ಊದಿಸಬೇಡಿ. ಓಡಿಸುತ್ತಿರುವವನು ನಾನು, ಮತ್ತು ನನ್ನ ಕಾಲು ಇನ್ನೂ ಸಂಗೀತ ಕಲಿತಿಲ್ಲ.